ಮೈಲುತುತ್ತದ ಬಣ್ಣದ ಸೀರೆ

ರಾಯದುರ್ಗ
೯ ಸೆಪ್ಟೆಂಬರ್ ೧೯೩೩

ಚಿ|| ಸೌ|| ತಂಗಿ ಓಬಮ್ಮನಿಗೆ, ಅಣ್ಣ ಪಾಲಯ್ಯನ ತುಂಬು ಮನಸ್ಸಿನ ಆಶೀರ್ವಾದಗಳು.

‘ಉಭಯ ಕುಶಲ’ ಎಂದು ಬರೆಯಲು ಹೊರಟು ಕೈ ತಡೆಯಿತು. ಈ ಕಡೆಯ ಕುಶಲಕ್ಕೆ ನಾನು ಜಾಮೀನು. ಆ ಕಡೆಯದಕ್ಕೆ ಯಾರು ಎಂದು ಕೇಳುವುದಕ್ಕೇ ಈ ಕಾಗದ. ತಡವಾಯಿತು, ಮನ್ನಿಸು. ಭಾವ ನಿಮ್ಮ ಮನೆಮಂದಿಯ ಫೋಟೋ ತಂದುಕೊಟ್ಟು ತಿಂಗಳಾದರೂ ಬಣ್ಣ ಹಾಕಿ ಕಳಿಸಲಿಲ್ಲವೆಂದು ಬೈದುಕೊಂಡಿರುತ್ತೀಯೆ. ಹಗಲೆಲ್ಲ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ, ಸಂಜೆ ಊರವರ ಫೋಟೋಗಳಿಗೆ ಬಣ್ಣ ಹಚ್ಚುವ ಉಪಕಸುಬು. ಮಾಸ್ತರನ ಪಾಲಿಗೆ ಮಾಸದ ಅಂಗಿಯೂ ಇಲ್ಲ, ಬಿಡುವೂ ಇಲ್ಲ. ಇದು ಊರಿಗೆ ಹೇಳುವ ನೆಪ. ನಿಜವಾದ ಕಾರಣ ಬೇರೆ. ಅದನ್ನು ಬರೆಯಬೇಕಾದ್ದರಿಂದಲೇ ಇದನ್ನು ಟಪ್ಪಾಲಿಗೆ ಹಾಕದೆ, ರೇಷ್ಮೆಗೂಡು ಕೊಳ್ಳಲು ನಿಮ್ಮ ಮಡಕಶಿರಾದ ಕಡೆ ಬರುತ್ತಿರುವ ಕಾಟಪ್ಪನ ಕೈಗೆ ಕೊಟ್ಟಿದ್ದೇನೆ. ನಿನ್ನ ಕೈಗೇ ಮುಟ್ಟಿಸಬೇಕೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಹುಟ್ಟಿದಾಗಿನಿಂದ ನನ್ನನ್ನು ‘ಏ ಪಾಲ’ ಎಂದು ಕರೆದವಳು ನೀನು. ಹಿಂದಿನ ಕಾಗದದಲ್ಲಿ ಇದ್ದಕ್ಕಿದ್ದಂತೆ ‘ತೀರ್ಥರೂಪು ಅಣ್ಣನವರ ಸನ್ನಿಧಾನಕ್ಕೆ’ ಎಂದು ಶುರು ಮಾಡಿದ್ದೀಯೆ. ಸನ್ನಿಧಾನ ನನ್ನದಲ್ಲ, ನೀನು ಬರೆಯುವಾಗ ನಿನ್ನ ಬೆನ್ನ ಹಿಂದೆ ನಿಂತಿದ್ದವರದು ಎಂದು ನನಗೆ ಆಗಲೇ ಗುಮಾನಿ ಬಂತು.

ಅವ್ವನ ಸಮಾಚಾರ ಮೊದಲು ಹೇಳಿಬಿಡುತ್ತೇನೆ. ಕಣ್ಣಿನ ಪೊರೆ ದಪ್ಪವಾಗಿದೆ. ಬಳ್ಳಾರಿಯ ಡಾಕ್ಟರು ಇನ್ನೂ ಬಲಿಯಲಿ ಎನ್ನುತ್ತಾರೆ, ಮಾವಿನಕಾಯಿಯ ಮಾತಾಡಿದಂತೆ. ಮುಖಗಳು ಆಕೆಗೆ ಸಿಗುವುದಿಲ್ಲ, ಬಣ್ಣಗಳು ಸಿಗುತ್ತವೆ. ಸೊಸೆಯನ್ನು ಸೀರೆಯಿಂದ ಗುರುತಿಸುತ್ತಾಳೆ, ಮಗನನ್ನು ಹಾಳು ಹರಟೆಯಿಂದ. ಫೋಟೋ ಬಂದ ದಿನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, “ಎಲ್ಲಾ ಬೂದಿ ಬೂದಿ ಐತಲ್ಲೋ. ಇದ್ರಾಗ ನನ್ನ ಮಗಳು ಎಲ್ಲದಾಳ?” ಎಂದಳು.

ಭಾವ ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದರು. “ನೀವು ಮದ್ವೇಲಿ ಕೊಟ್ಟ ಸೀರೇನೇ ಉಟ್ಕಂಡವ್ಳೆ ಅತ್ತೆ, ಆ ಮೈಲುತುತ್ತದ ಬಣ್ಣದ್ದು,” ಎಂದರು.

“ಹಂಗಾರ ಆ ಬಣ್ಣ ಹಾಕೋ ಪಾಲ. ಬಣ್ಣ ಕಂಡ್ರ ಮಗಳು ಸಿಗ್ತಾಳ.”

ನೀನೂ ಅದನ್ನೇ ಬರೆದಿದ್ದೆ: ನನ್ನ ಸೀರೆಗೆ ಅವ್ವ ಕೊಟ್ಟ ಬಣ್ಣವನ್ನೇ ಹಾಕು, ಜೊತೆಗಿರುವ ಹುಡುಗಿಯದಕ್ಕೆ ಏನಾದರೂ ಹಾಕು. ಆ ಹುಡುಗಿ ಯಾರೆಂದು ನನ್ನ ಹೆಂಡತಿ ಚೌಡಕ್ಕ ಅಂದೇ ಕೇಳಿದಳು.

“ಕದರಮ್ಮ ಅಂತ. ನಮ್ ಚಿಕ್ಕಪ್ಪನ ಕಡೇಳು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಾಕೆ ಒಬ್ರು ಬೇಕಾಗಿತ್ತಲ್ಲ, ಬಂದವ್ಳೆ,” ಎಂದ ಭಾವ ನನ್ನ ಕಡೆ ತಿರುಗಿ ನಕ್ಕು, “ಇನ್ನೂ ಮದ್ವೆ ಆಗಿಲ್ಲ ಮೇಷ್ಟ್ರೇ. ನಿಮ್ ಕಡೆ ಒಳ್ಳೆ ಗಂಡಿದ್ರೆ ಹೇಳಿ,” ಎಂದರು. ನಾನೂ ನಕ್ಕೆ. ಭಾವಚಿತ್ರದಲ್ಲಿ ಭಾವ ಇದ್ದಾರೆ, ಅವರ ಮುಖದಲ್ಲಿ ಮಾತ್ರ ಭಾವವಿಲ್ಲ ಎಂದು ಚೌಡಕ್ಕನಿಗೆ ಆಮೇಲೆ ಹೇಳಿದೆ. ಆಕೆ ನಗಲಿಲ್ಲ.

ಮೈಲುತುತ್ತದ ಹಸಿರುನೀಲಿ ಕಲಸಲು ಮರುದಿನ ಬಣ್ಣದ ಪೆಟ್ಟಿಗೆ ತೆಗೆದೆ. ಅದರಲ್ಲಿರುವ ನೀಲಿಗಳಲ್ಲಿ ಅಲ್ಟ್ರಮರೀನ್ ನೇರಳೆಯ ಕಡೆ ವಾಲುವ ಆಸಾಮಿ. ಅದನ್ನು ನಂಬಿದರೆ ಸೀರೆ ಹೋಗಿ ಬದನೆಕಾಯಿ. ಕೋಬಾಲ್ಟ್ ಸಾಧು, ಹಸಿರಿನ ಸಹವಾಸವೇ ಅದಕ್ಕೆ ಒಗ್ಗದು. ಉಳಿದದ್ದು ಪ್ರಷ್ಯನ್ ಬ್ಲೂ. ಅದು ಮಾವನ ಮನೆಗೆ ಬಂದ ಅಳಿಯನಂತೆ, ಸೂಜಿಮೊನೆಯಷ್ಟು ಜಾಗ ಕೊಟ್ಟರೆ ತಟ್ಟೆಯೆಲ್ಲ ತನ್ನದು. ಅದನ್ನು ತೆಳ್ಳಗೆ ಮಾಡಿ, ವಿರಿಡಿಯನ್ ಹಸಿರನ್ನು ಕುಂಚದಿಂದ ಕೊಂಚ ಕೊಂಚವೇ ಮುಟ್ಟಿಸಿ, ಹಳದಿಯ ವಾಸನೆ ಮಾತ್ರ ತೋರಿಸಿದೆ. ನಮ್ಮ ಬಾವಿಯ ಗಡಸು ನೀರಿನಲ್ಲಿ ಬಣ್ಣ ಒಡೆದ ಹಾಲಿನಂತೆ ತರಿತರಿಯಾಗುತ್ತದೆಂದು ಹಿಡಿದಿಟ್ಟ ಮಳೆನೀರು ಬೆರೆಸಿದೆ. ಒದ್ದೆಯಿದ್ದಾಗ ನವಿಲಿನ ಕೊರಳು, ಒಣಗಿದ ಮೇಲೆ ಕಣೇಕಲ್ಲು ಕೆರೆಯ ಪಾಚಿ. ಮತ್ತೆ ಕಲಸಿದೆ. ಆ ಸೀರೆಯ ಕುಪ್ಪಸದಲ್ಲಿ ಮಿಕ್ಕ ತುಂಡನ್ನು ಅವ್ವ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಪಕ್ಕದಲ್ಲಿಟ್ಟು ಬಿಸಿಲಿನಲ್ಲಿ ನೋಡಿ ನೋಡಿ ಸರಿಮಾಡಿದೆ. ಕಡೆಗೆ ಯಾವುದು ಬಟ್ಟೆ, ಯಾವುದು ಕಾಗದ ಎಂದು ತಿಳಿಯದಷ್ಟು ಹೊಂದಿತು.

ಹೊಂದಿದ್ದು ತಟ್ಟೆಯಲ್ಲಿ. ನಿನ್ನ ಸೆರಗಿನ ಮೇಲೆ ಹಾಕಿದರೆ ಹಾಕಿದ್ದೇ ಕಾಣಲಿಲ್ಲ. ನೀರಿನ ಬಣ್ಣ ತೆಳು, ಕೆಳಗಿರುವುದನ್ನು ಮುಚ್ಚುವ ಶಕ್ತಿ ಅದಕ್ಕಿಲ್ಲ. ಫೋಟೋದಲ್ಲಿ ನಿನ್ನ ಸೀರೆ ಕಾಡಿಗೆಯಷ್ಟು ಕಪ್ಪಗಿದೆ. ಇನ್ನೊಂದು ಸಲ ಅದ್ದಿ ತರುವಾಗ ಒಂದು ಹನಿ ಜಾರಿ ಕದರಮ್ಮನ ಬಿಳಿಚಿಕೊಂಡ ಸೀರೆಯ ಮೇಲೆ ಬಿತ್ತು. ಬಟ್ಟೆಯಿಂದ ಒತ್ತಿ ತೆಗೆಯುವಷ್ಟರಲ್ಲಿ ಅದು ಹರಡಿ, ತವರಿಗೆ ಬಂದ ಹೆಣ್ಣಿನಂತೆ ಅಲ್ಲಿ ನೆಮ್ಮದಿಯಾಗಿ ಕೂತುಬಿಟ್ಟಿತು. ಕುಪ್ಪಸದ ತುಂಡು ಹಿಡಿದು ನೋಡಿದೆ. ಅದೇ ಬಣ್ಣ, ಅಂಚೂ ಅದೇ.

ಆಗ ನಮ್ಮ ಶಾಲೆಯ ಗ್ರೂಪ್ ಫೋಟೋ ನೆನಪಾಯಿತು. ಅದರಲ್ಲಿ ಹೆಡ್‌ಮಾಸ್ತರರ ಕೆಂಪು ರುಮಾಲು ಕಾಗೆಯಷ್ಟು ಕಪ್ಪಾಗಿ, ನನ್ನ ನೀಲಿ ಕೋಟು ಮದುಮಗನ ಪಂಚೆಯಷ್ಟು ಬೆಳ್ಳಗಾಗಿತ್ತು. ಈ ಫೋಟೋದವರ ಗಾಜಿನ ಪ್ಲೇಟಿನ ಹಣೆಬರಹವೇ ಅದು: ಕೆಂಪೆಲ್ಲ ಕಪ್ಪು, ನೀಲಿಯೆಲ್ಲ ಬಿಳಿ. ಹಾಗಾದರೆ, ತಂಗೀ, ಫೋಟೋದ ದಿನ ನೀನು ಉಟ್ಟದ್ದು ಕೆಂಪು ಸೀರೆ. ಅವ್ವ ಕೊಟ್ಟ ಸೀರೆ ಇರುವುದು ಆ ಹುಡುಗಿಯ ಮೈಮೇಲೆ.

ಕೆಟ್ಟದ್ದನ್ನು ಮೊದಲೇ ಯೋಚಿಸುವ ಜಾತಿ ನಾನಲ್ಲ. “ಫೋಟೋಕ್ಕ ಅಂತ ಒಂದಿನ ಉಡಾಕ ಕೊಟ್ಟಿರಬೇಕು,” ಎಂದೆ ಚೌಡಕ್ಕನಿಗೆ.

“ಕೊಟ್ಟಿದ್ರ ಕೊಟ್ಟೀನಿ ಅಂತ ಬರೀತಿದ್ಲು. ತನ್ನ ಸೀರಿಗೇ ಆ ಬಣ್ಣ ಹಾಕು ಅಂತ ಯಾಕ ಬರೀತಾಳ?” ಎಂದಳು ಆಕೆ. “ನಿಮ್ಮ ಭೂತಗನ್ನಡಿ ಕೊಡ್ರಿ ಇಲ್ಲಿ.”

ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅರ್ಜಿ ಓದುವ ತಹಶೀಲ್ದಾರರೂ ಅಷ್ಟು ಹೊತ್ತು ನೋಡುವುದಿಲ್ಲ. ಆಮೇಲೆ ಕನ್ನಡಿಯನ್ನು ನನ್ನ ಕೈಗಿಟ್ಟು, “ಸೀರಿ ಬಿಡ್ರಿ. ಆಕಿ ಕೊರಳಾಗ ನೋಡ್ರಿ,” ಎಂದಳು.

ತಾಳಿ. ಸೆರಗಿನ ಅಂಚಿನಿಂದ ಅರ್ಧ ಹೊರಗೆ ಬಂದಿದೆ. ಮದುವೆಯೇ ಆಗದ ಹುಡುಗಿಯ ಕೊರಳಲ್ಲಿ.

“ಗಂಡು ಹುಡುಕ್ರಿ ಅಂದ್ರಲ್ಲ, ಗಂಡನ್ನ ಪಕ್ಕದಾಗ ಇಟ್ಕೊಂಡೇ ಫೋಟೋ ತೆಗಿಸ್ಯಾಳ,” ಎಂದು ಚೌಡಕ್ಕ ಒಳಗೆ ಹೋದಳು. ಮನೆಯಲ್ಲಿ ಶ್ಲೇಷೆ, ವ್ಯಂಗ್ಯಗಳ ಗುತ್ತಿಗೆ ನನ್ನದೆಂದುಕೊಂಡಿದ್ದೆ. ಅಂದು ಅದು ಆಕೆಯ ಕೈಗೆ ಹೋಯಿತು.

ಈಗ ಎಲ್ಲವೂ ಹೊಂದಿಕೊಳ್ಳುತ್ತದೆ. ಗೌರಿ ಹಬ್ಬಕ್ಕೆ ಕರೆಯಲು ಬರುತ್ತೇನೆಂದರೆ ‘ಹುಳ ಪೊರೆ ಕಳಚುವ ಜ್ವರಕ್ಕೆ ಕೂತಿವೆ, ಮನೆ ಬಿಡುವಂತಿಲ್ಲ’ ಎಂದೆ. ಅದಕ್ಕೂ ಹಿಂದೆ ‘ಹುಳ ಗೂಡು ಕಟ್ಟುತ್ತಿವೆ’ ಎಂದಿದ್ದೆ. ಮಕ್ಕಳಾಗಲಿಲ್ಲವೆಂದು ನಿಮ್ಮತ್ತೆ ಹರಕೆಯ ಮೇಲೆ ಹರಕೆ ಹೊತ್ತರೆಂದು ಕೇಳಿದ್ದೆ. ಹರಕೆ ಹೀಗೆ ತೀರಿತೆಂದು ಯಾರೂ ಹೇಳಲಿಲ್ಲ. ಭಾವ ನನ್ನ ಮನೆಯಲ್ಲಿ ಎಲೆ ತುಂಬ ಉಂಡು, ಅವ್ವನ ಕಾಲು ಮುಟ್ಟಿ, ನಿನ್ನ ಸವತಿಯ ಚಿತ್ರವನ್ನು ನನ್ನ ಕೈಯಿಂದಲೇ ಸಿಂಗರಿಸಲು ಕೊಟ್ಟುಹೋದರು.

ಕಡೆಗೆ ಬಣ್ಣ ಹೇಗೆ ಹಾಕಿದೆ ಎಂದು ಕೇಳುತ್ತೀಯೆ. ಇದ್ದದ್ದನ್ನು ಇದ್ದ ಹಾಗೆ ಹಾಕಿದ್ದರೆ ಅವ್ವ ಬಣ್ಣ ಹುಡುಕಿಕೊಂಡು ಹೋಗಿ ಆ ಹುಡುಗಿಯ ಮೈ ಸವರಿ, ಅವಳಿಗೆ ದೃಷ್ಟಿ ತೆಗೆಯುತ್ತಿದ್ದಳು. ಅದನ್ನು ನೋಡುವ ಎದೆ ನನಗಿರಲಿಲ್ಲ. ನಿನ್ನ ಸೀರೆಯ ಕಪ್ಪಿನ ಮೇಲೆ ಮಂದವಾದ ಬಿಳಿಯನ್ನು ಸುಣ್ಣದಂತೆ ಬಳಿದು, ಅದು ಒಣಗಿದ ಮೇಲೆ ಮೈಲುತುತ್ತದ ಬಣ್ಣ ಎಳೆದೆ. ಕದರಮ್ಮನಿಗೆ ಕೆಂಪು ಉಡಿಸಿದೆ, ನಿಮ್ಮತ್ತೆಗೂ ಭಾವನಿಗೂ ಅವರವರ ಬಣ್ಣ ಹಾಕಿದೆ. ನೀನು ಕೇಳಿದ ಸುಳ್ಳನ್ನು ಕೈಲಾದಷ್ಟು ಚೆನ್ನಾಗಿ ಬರೆದಿದ್ದೇನೆ. ಫೋಟೋ ಈ ಕಾಗದದ ಜೊತೆಗೇ ಬರುತ್ತಿದೆ. ಕೆಲಸ ಚೊಕ್ಕವಾಗಿದೆ, ಭಾವ ನೋಡಿದರೆ ಮೆಚ್ಚುತ್ತಾರೆ.

ನನಗೆ ನಿನ್ನಿಂದ ಬೇಕಾದದ್ದು ಒಂದೇ ಮಾತು. ಆ ಸೀರೆಯನ್ನು ನೀನಾಗಿ ಕೊಟ್ಟೆಯೋ, ಅವರಾಗಿ ತೆಗೆದುಕೊಂಡರೋ? ನೀನಾಗಿ ಕೊಟ್ಟಿದ್ದರೆ ಆ ಮನೆಯಲ್ಲಿ ಕೊಡುವಷ್ಟು ಅಧಿಕಾರ ನಿನಗಿನ್ನೂ ಉಳಿದಿದೆ ಎಂದು ತಿಳಿದು ಸುಮ್ಮನಿರುತ್ತೇನೆ. ಅವರಾಗಿ ತೆಗೆದುಕೊಂಡಿದ್ದರೆ ಹಿಂದೂಪುರದವರೆಗೆ ರೈಲು, ಅಲ್ಲಿಂದ ಮೋಟಾರು. ದಸರೆಗೆ ಕಾಯುವವನಲ್ಲ ನಾನು. ಕಾಗದ ಬರೆಯಬೇಡ, ಅದನ್ನು ಯಾರು ಓದುತ್ತಾರೋ. ಕಾಟಪ್ಪನಿಗೆ ಬಾಯಲ್ಲೇ ಹೇಳು.

ಚೌಡಕ್ಕ ನಿನ್ನ ಕೋಣೆಯಿಂದ ಶೇಂಗಾ ಚೀಲಗಳನ್ನು ಹೊರಗೆ ಹಾಕಿಸಿ ಸಾರಿಸಿದ್ದಾಳೆ. ನಿನ್ನ ತಲೆಯ ಮೇಲೆ ದೇವರ ನೆರಳಿರಲಿ, ಕಾಲ ಕೆಳಗೆ ನಿನ್ನದೇ ನೆಲವಿರಲಿ.

ಇತಿ ನಿನ್ನ ಅಣ್ಣ,
ಪಾಲಯ್ಯ

ಮ.ವಿ.: ಬಣ್ಣ ಒಣಗಿದ ಮೇಲೆ ಫೋಟೋವನ್ನು ಅವ್ವನ ಕೈಗೆ ಕೊಟ್ಟೆ. ಮೈಲುತುತ್ತದ ಬಣ್ಣ ತಕ್ಷಣ ಸಿಕ್ಕಿತು. “ಇಗಾ, ಇಲ್ಲದಾಳ ನನ್ನ ಓಬಿ,” ಎಂದು ಬೆರಳಿಟ್ಟು ನಕ್ಕಳು. ಆಮೇಲೆ ಆ ಬೆರಳು ಕೆಳಗಿಳಿದು ಅಕ್ಕಪಕ್ಕ ಓಡಾಡಿತು. ಮುಖಗಳು ಕಾಣದಿದ್ದರೂ ಬಣ್ಣಗಳ ಎತ್ತರ ತಗ್ಗು ಅವಳಿಗೆ ಕಾಣುತ್ತದೆ. ಇದು ನನ್ನ ಲೆಕ್ಕದಲ್ಲಿರಲಿಲ್ಲ. “ಅತ್ತಿ ಕುಂತಾಳ, ಅಳಿಯ ಕುಂತಾನ, ಆ ಕೆಂಪು ಸೀರಿ ಹುಡುಗಿನೂ ಕುಂತಾಳ. ಮನಿ ಸೊಸಿ ಇಕಿ ಒಬ್ಬಾಕಿ ಹಿಂದ ಯಾಕ ನಿಂತಾಳ ಪಾಲ?” ಎಂದು ಕೇಳಿದಳು. ಕುರ್ಚಿ ಸಾಲದೆ ಹೋಯಿತಂತೆ ಎಂದೆ. “ಹೌದಾ,” ಎಂದಳು. ಅಂದಿನಿಂದ ಫೋಟೋ ತಾ ಎಂದು ಕೇಳಿಲ್ಲ.