ಜುಟ್ಟಿಲ್ಲದ ಒಂದು

ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಲಕೋಟೆಯ ಮೇಲಿನ ಅಕ್ಷರ ನೋಡಿ ಯಾರದ್ದೋ ಕಾಗದ ತಪ್ಪಿ ನಿನ್ನ ಮನೆಗೆ ಬಂತು ಅಂದುಕೊಂಡಿರಬೇಕು. ಅಲ್ಲ, ಇದು ನಾನೇ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಚೆನ್ನಾಗಿ ಬೈದುಬಿಡು, ಬೈದಾದ ಮೇಲೆ ಮುಂದೆ ಓದು. ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ನಿಂತಿತೇ? ಇಲ್ಲಿ ಇವಳು ಆರೋಗ್ಯವಾಗಿದ್ದಾಳೆ. ನಾನೂ ಆರೋಗ್ಯವಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನಗೆ ಸುಳ್ಳು ಬರೆದು ದಕ್ಕಿಸಿಕೊಂಡ ದಿನ ನನಗೆ ನೆನಪಿಲ್ಲ. ಒಂದು ತಿಂಗಳಿಂದ ಹೆದರಿಕೊಂಡು ಬದುಕುತ್ತಿದ್ದೇನೆ ಅಕ್ಕಾ. ಮನೆಯ ಫೋನು ಬಡಿದುಕೊಂಡರೆ ಇವಳೇ ಎತ್ತಲಿ ಎಂದು ಬಚ್ಚಲಿಗೆ ಹೋಗಿಬಿಡುತ್ತೇನೆ.

ಎಷ್ಟು ಸಲ ಹೇಳಿದರೂ ನೀನು ಲಿಫ್ಟಿನವನು ಎಂದರೆ ಒಳಗೆ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುವವನು ಎಂದೇ ನಿನ್ನ ಪಕ್ಕದ ಮನೆಯವರಿಗೆಲ್ಲ ಹೇಳುತ್ತೀಯ. ನಾನು ರಿಪೇರಿಯವನು. ಕಟ್ಟಡದ ನೆತ್ತಿಯ ಮೇಲೆ ಮೋಟರಿನ ಕೋಣೆ ಇರುತ್ತದೆ, ಅಲ್ಲಿ ನನ್ನ ಕೆಲಸ. ಆ ಕೋಣೆಯ ಗೋಡೆಗೆ ಒಂದು ಕಾರ್ಡು ನೇತುಹಾಕಿರುತ್ತಾರೆ. ನಮ್ಮ ಕಂಪನಿಯ ಪದ್ಧತಿ ಏನೆಂದರೆ, ಅಳತೆ ತೆಗೆಯುವವನು ಒಬ್ಬ, ಬಿಡಿಭಾಗ ಬದಲಿಸುವವನು ಇನ್ನೊಬ್ಬ. ನಾನು ಹೋಗಿ ಏನೇನು ಎಷ್ಟು ಸವೆದಿದೆ ಎಂದು ಕಾರ್ಡಿನಲ್ಲಿ ಬರೆದು ಬರುತ್ತೇನೆ. ಹತ್ತು ದಿನ ಬಿಟ್ಟು ಇನ್ನೊಬ್ಬ ಹೋಗಿ ಅದನ್ನು ಓದಿ ಬೇಕಾದ್ದನ್ನು ಬದಲಿಸುತ್ತಾನೆ. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನ ಕಣ್ಣು ಹಿಡಿಯಲಿ ಎಂದು ಹೀಗೆ ಮಾಡಿದ್ದಾರೆ.

ಆ ಇನ್ನೊಬ್ಬ ಡಬ್ಬಿ. ಜೇಬಿನಲ್ಲಿ ಯಾವಾಗಲೂ ಸ್ಕ್ರೂ ತುಂಬಿದ ಒಂದು ಸಣ್ಣ ಡಬ್ಬಿ ಇಟ್ಟುಕೊಂಡಿರುತ್ತಾನೆ, ಅದಕ್ಕೇ ಆ ಹೆಸರು. ಹನ್ನೊಂದು ವರ್ಷದಿಂದ ಜೊತೆಗಿದ್ದಾನೆ. ನನ್ನನ್ನು ಅಣ್ಣ ಎನ್ನುತ್ತಾನೆ.

ಒಂದು ಹಳೆಯ ಐದಂತಸ್ತಿನ ಕಟ್ಟಡದಲ್ಲಿ ಬ್ರೇಕಿನ ಪಟ್ಟಿ ಅಳೆದೆ. ಹೊಸದಿದ್ದಾಗ ಎಂಟು ಮಿಲಿಮೀಟರು ದಪ್ಪ ಇರುತ್ತದೆ, ಎರಡಕ್ಕಿಂತ ಕಡಿಮೆಯಾದರೆ ಮುಂದೆ ಹೋದವನು ಬದಲಿಸಲೇಬೇಕು. ನಾನು ಅಳೆದಾಗ ಒಂದಿತ್ತು. ಒಂದಿದ್ದರೂ ಹತ್ತು ಹದಿನೈದು ದಿನ ತಡೆಯುತ್ತದೆ, ಹಾಗಾಗಿ ಕಾರ್ಡಿನಲ್ಲಿ 1 ಎಂದು ಗೀಚಿ ಇಳಿದು ಬಂದೆ. ಡಬ್ಬಿ ಹೋದ, ಕಾರ್ಡು ಓದಿದ, ಅವನ ಕಣ್ಣಿಗೆ 7 ಕಂಡಿತು. ಏಳಿದ್ದರೆ ಹೊಸದೇ ಇದ್ದ ಹಾಗೆ. ಮುಚ್ಚಳವನ್ನೇ ಬಿಚ್ಚದೆ ಬೇರೆ ಕಡೆ ಎಣ್ಣೆ ಬಿಟ್ಟು ಬಂದ. ಎರಡು ವಾರಕ್ಕೆ ನಾಲ್ಕನೇ ಮಹಡಿಯ ಬಟ್ಟೆ ಹೊಲಿಯುವ ಹೆಂಗಸು ಲಿಫ್ಟಿನಿಂದ ಹೊರಗೆ ಕಾಲಿಡುವಾಗ ಲಿಫ್ಟು ನಿಲ್ಲದೆ ಕೆಳಗೆ ಜಾರಿತು. ಸೊಂಟದ ಮೂಳೆ ಮುರಿದಿದೆ. ಇನ್ನೂ ಹಾಸಿಗೆಯಲ್ಲಿದ್ದಾಳೆ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು, ಮೆಲುದನಿಯ ಮನುಷ್ಯ. ಗದರಿಸುವವರಾಗಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ನಾನೂ ಡಬ್ಬಿಯೂ ಪಕ್ಕಪಕ್ಕ ಕೂತಿದ್ದೆವು. ಕಾರ್ಡನ್ನು ನನ್ನ ಮುಂದಿಟ್ಟು ಇದು ಯಾವ ಅಂಕಿ ಎಂದು ಕೇಳಿದರು. ಒಂದು ಎಂದೆ. ಡಬ್ಬಿ ಬಗ್ಗಿ ನೋಡಿ, ತನಗೆ ಆವತ್ತು ಏಳು ಅಂತಲೇ ಕಂಡಿತು ಎಂದ. ನೋಡದೆಯೇ ಕೆಲಸ ತಪ್ಪಿಸಿಕೊಂಡು ಈಗ ಏಳು ಎನ್ನುತ್ತಿದ್ದಾನೋ ಏನೋ ಎಂಬ ಹಾಗೆ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಅವನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಈ ತಿಂಗಳ ಇಪ್ಪತ್ತೆಂಟಕ್ಕೆ ಅಧಿಕಾರಿ ಮತ್ತೆ ಬರುತ್ತಾರೆ. ಕಾರ್ಡಿನಲ್ಲಿರುವುದು ಒಂದೋ ಏಳೋ ಎಂದು ತೀರ್ಮಾನಿಸಲು ಆವತ್ತು ಅವರ ಎದುರಿಗೆ ನಾನು ಒಂದು ಪುಟ ಅಂಕಿಗಳನ್ನು ಬರೆಯಬೇಕು. ನನ್ನ ಒಂದು ಒಂದರ ಹಾಗೇ ಇದ್ದರೆ ತಪ್ಪು ಡಬ್ಬಿಯದು, ಅವನ ಕೆಲಸ ಹೋಗುತ್ತದೆ. ಏಳರ ಹಾಗಿದ್ದರೆ ನನ್ನದು ಹೋಗುತ್ತದೆ.

ನನ್ನ ಅಕ್ಷರ ನಿನಗೆ ಗೊತ್ತು, ಕಾಗೆ ಕಾಲು ಗುಬ್ಬಿ ಕಾಲು. ನನ್ನ ಒಂದಕ್ಕೆ ತಲೆಯ ಮೇಲೆ ಒಂದು ಉದ್ದ ಜುಟ್ಟು ಇರುತ್ತಿತ್ತು. ಆತುರದಲ್ಲಿ ಬರೆದರೆ ಜುಟ್ಟು ಇನ್ನೂ ಉದ್ದವಾಗುತ್ತಿತ್ತು. ಆವತ್ತು ಆಫೀಸಿನಿಂದ ಹೊರಗೆ ಬಂದವನು ನೆಟ್ಟಗೆ ಪೆನ್ನಿನ ಅಂಗಡಿಗೆ ಹೋದೆ.

ಮೆಟ್ಟಿಲ ಕೆಳಗಿನ ಅಂಗಡಿ ಅದು, ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ. ನಡೆಸುವವಳು ಒಬ್ಬ ವಯಸ್ಸಾದ ಹೆಂಗಸು. ಪೆನ್ನು ತೋರಿಸುವ ಮೊದಲು ಒಂದು ಹಾಳೆ ಕೊಟ್ಟು ಬರೆಯಲು ಹೇಳಿದಳು, ಹಾಳೆಯನ್ನು ಬಿಟ್ಟು ನನ್ನ ಮಣಿಕಟ್ಟನ್ನೇ ನೋಡಿದಳು. ನಾನು ಪೆನ್ನನ್ನು ಸ್ಪ್ಯಾನರ್ ಹಿಡಿದ ಹಾಗೆ ಹಿಡಿಯುತ್ತೇನಂತೆ. ಬಾಲ್ ಪೆನ್ನಿಗೆ ಒತ್ತಬೇಕು, ಇಂಕ್ ಪೆನ್ನಿಗೆ ಒತ್ತಿದರೆ ಅದು ಮುನಿಸಿಕೊಳ್ಳುತ್ತದೆ, ತನ್ನ ಭಾರಕ್ಕೆ ತಾನೇ ಬರೆಯಲು ಬಿಡಬೇಕು ಎಂದಳು. ಮೊದಲು ಕೊಂಡ ಕಪ್ಪು ಪೆನ್ನಿನ ನಿಬ್ಬು ದಪ್ಪ, ಎರಡನೇ ದಿನವೇ ಅಂಗಿಯ ಜೇಬಿನಲ್ಲಿ ಕಾರಿಕೊಂಡಿತು. ಎರಡನೆಯದು ಕಾಗದವನ್ನು ಕೆರೆಯುತ್ತಿತ್ತು, ಸಾಲಿನ ನಡುವೆ ಇಂಕು ನಿಂತುಹೋಗುತ್ತಿತ್ತು. ಮೂರನೆಯದು ಹಸಿರು ಬಣ್ಣದ್ದು, ಸಣ್ಣ ನಿಬ್ಬು, ಹಗುರ. ಹಾಳೆಗೆ ಮುಟ್ಟಿಸಿದರೆ ಸಾಕು ನಡೆಯುತ್ತದೆ. ಈ ಕಾಗದ ಅದರದ್ದೇ.

ಬೆಳಿಗ್ಗೆ ಅರ್ಧ ಗಂಟೆ, ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಗೆರೆ ಹಾಕಿದ ಪುಸ್ತಕದಲ್ಲಿ ಬರೆಯುತ್ತೇನೆ. ನಿಧಾನ ಬರೆದರೆ ಅರ್ಧ ಅಕ್ಷರ ತಾನಾಗಿ ತಿದ್ದಿಕೊಳ್ಳುತ್ತದೆ, ನಿಜ. ಬೆರಳಿನಿಂದ ಬರೆಯುತ್ತಿದ್ದವನು ತೋಳಿನಿಂದ ಬರೆಯಲು ಕಲಿತೆ. ಏಳಕ್ಕೆ ಹೊಟ್ಟೆಯ ಹತ್ತಿರ ಒಂದು ಅಡ್ಡಗೆರೆ. ಒಂದು ಮಾತ್ರ ನೆಟ್ಟಗೆ ಒಂದೇ ಗೀಟು, ಜುಟ್ಟಿಲ್ಲ. ಒಂದನ್ನೇ ದಿನಕ್ಕೆ ಎರಡು ಪುಟ ಬರೆದೆ. ಇವಳು ತಮಾಷೆ ಮಾಡುತ್ತಾಳೆ, ಸೊಸೆ ಬರುವ ವಯಸ್ಸಿಗೆ ನನ್ನ ಗಂಡ ಒಂದನೇ ಕ್ಲಾಸಿಗೆ ಸೇರಿದ ಎಂದು. ಆದರೂ ಖುಷಿಯಾಗಿದ್ದಾಳೆ. ಟವೆಲ್ಲಿಗೆ ಇಂಕು ಬಿದ್ದರೂ ಬೈಯಲಿಲ್ಲ. ಯಾಕೆ ಬರೆಯುತ್ತಿದ್ದೇನೆ ಎಂದು ಅವಳಿಗೆ ಹೇಳಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೆದರಿದವನ ಬುದ್ಧಿ ಸುಮ್ಮನಿರುವುದಿಲ್ಲ. ಉಳಿದ ಹದಿನಾಲ್ಕು ಕಟ್ಟಡಗಳ ಕಾರ್ಡುಗಳಲ್ಲಿ ನನ್ನ ಹಳೆಯ ಅಕ್ಷರ ಇದೆಯಲ್ಲ, ಅಧಿಕಾರಿ ಅವನ್ನು ತರಿಸಿ ನೋಡಿದರೆ ಎಂಬ ಯೋಚನೆ ಬಂತು. ಎಣ್ಣೆ ಮೆತ್ತಿವೆ, ಹರಿದಿವೆ ಎಂದು ಹೇಳಿ ಎಲ್ಲವನ್ನೂ ಹೊಸ ಕಾರ್ಡುಗಳಲ್ಲಿ ಚೆಂದವಾಗಿ ಬರೆದು ನೇತುಹಾಕಿದೆ. ಹಳೆಯವನ್ನು ಚೂರು ಮಾಡಿ ಮೂರು ಬೇರೆ ಬೇರೆ ಬೀದಿಗಳ ಕಸದ ತೊಟ್ಟಿಗೆ ಹಾಕಿದೆ. ಒಂದು ತೊಟ್ಟಿಗೇ ಹಾಕಿದರೆ ಏನಾಗುತ್ತಿತ್ತು ಹೇಳು? ಚೂರು ಜೋಡಿಸಲು ಯಾರು ಕೂತಿದ್ದಾರೆ? ಆದರೂ ಹಾಗೆ ಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಈಗ ನಾನೇ. ನಮ್ಮ ಸೂಪರ್‌ವೈಸರ್ ಹೊಸ ಕಾರ್ಡೊಂದನ್ನು ತಂದು ಎಲ್ಲರಿಗೂ ತೋರಿಸಿ, ಕಲಿಯುವುದಿದ್ದರೆ ಇವನನ್ನು ನೋಡಿ ಕಲಿಯಿರಿ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಗ್ಗಿ ಉಪಕರಣದ ಚೀಲ ಎತ್ತಿಕೊಂಡೆ.

ಈಗ ಲಿಫ್ಟು ಹತ್ತಲು ಆಗುವುದಿಲ್ಲ ಅಕ್ಕಾ. ಮೂವತ್ತು ವರ್ಷ ಅದರಲ್ಲೇ ಹೊಟ್ಟೆ ಹೊರೆದವನು ಉಪಕರಣದ ಚೀಲ ಹೊತ್ತು ಎಂಟು ಮಹಡಿ ಮೆಟ್ಟಿಲು ಹತ್ತುತ್ತೇನೆ. ಒಳಗೆ ನಿಂತು ಬಾಗಿಲು ಮುಚ್ಚಿದರೆ ಕಾಲಡಿ ಜಾರುತ್ತದೆ ಅನ್ನಿಸುತ್ತದೆ. ಮೋಟರಿನ ಕೋಣೆಗೆ ಹೋದರೆ ಮೊದಲು ಕಾರ್ಡು ನೋಡುತ್ತೇನೆ, ಯಾರಾದರೂ ತೆಗೆದುಕೊಂಡು ಹೋದರೇ ಎಂದು. ಅದು ಅಲ್ಲೇ ಇದ್ದರೂ ಹೊರಡುವ ಮೊದಲು ಇನ್ನೊಂದು ಸಲ ನೋಡುತ್ತೇನೆ.

ಕಳೆದ ಭಾನುವಾರ ಮಧ್ಯಾಹ್ನ ಡಬ್ಬಿ ಮನೆಗೆ ಬಂದ. ಬಾಗಿಲು ತೆರೆದರೆ ಯಾರೋ ಹೊಸಬರು ಅನ್ನಿಸಿತು, ಕನ್ನಡಕ ಹಾಕಿಕೊಂಡಿದ್ದ. ನನ್ನ ಮೇಜಿನ ಮೇಲೆ ಮೂರು ಪೆನ್ನು, ಇಂಕಿನ ಬಾಟಲಿ, ಎರಡು ಪುಟ ಒಂದು ಒಂದು ಒಂದು. ಮುಚ್ಚಿಡಲು ಪುರುಸೊತ್ತು ಸಿಗಲಿಲ್ಲ. ಅವನು ಪುಸ್ತಕವನ್ನು ಎತ್ತಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ನೋಡಿದ. ಈಗ ಗೊತ್ತಾಯಿತು, ಈಗ ಬಾಯಿ ಬಿಡುತ್ತಾನೆ ಎಂದು ಕಾದೆ.

"ಎಷ್ಟು ಚೆನ್ನಾಗಿ ಬರೀತೀಯಣ್ಣ" ಅಂದ. "ನೀನು ಒಂದು ಅಂತ ಬರ್ದಿದೀನಿ ಅಂದ್ಮೇಲೆ ಅದು ಒಂದೇ. ನನ್ನ ಕಣ್ಣೇ ಎಲ್ಲೋ ಕೈಕೊಟ್ಟಿದೆ."

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದನಂತೆ. ಅವರು ಕಣ್ಣು ಚೆನ್ನಾಗಿದೆ, ಕನ್ನಡಕ ಬೇಡ ಎಂದರಂತೆ. ಇವನು ಬಿಡದೆ, ಇರಲಿ, ಒಂದು ಕೊಡಿ ಎಂದು ಹಟ ಮಾಡಿ ಮಾಡಿಸಿಕೊಂಡಿದ್ದಾನೆ. ಅದನ್ನು ಹಾಕಿಕೊಂಡರೆ ಎಲ್ಲ ಸ್ವಲ್ಪ ಮಂಜಾಗಿ ಕಾಣುತ್ತದಂತೆ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದ. ಆ ಹೊಲಿಯುವ ಹೆಂಗಸನ್ನು ನೋಡಲು ವಾರಕ್ಕೆರಡು ಸಲ ಹೋಗಿ, ಅವಳ ಮನೆಯ ನೀರು ತುಂಬಿ, ಕಸ ಹಾಕಿ ಬರುತ್ತಿದ್ದಾನೆ. ತನ್ನಿಂದ ಆಯಿತಲ್ಲ ಎಂದು ಅವನ ಲೆಕ್ಕ. ನಾನು ಒಂದು ಸಲವೂ ಹೋಗಿಲ್ಲ. ಹೊರಡುವಾಗ ನನ್ನನ್ನೇ ಕೇಳಿದ, ತನಗೂ ಹೀಗೆ ಬರೆಯಲು ಹೇಳಿಕೊಡುತ್ತೀಯಾ ಎಂದು. ಕೆಲಸ ಹೋದರೆ ಬೇರೆ ಕಡೆ ಅರ್ಜಿ ಬರೆಯಬೇಕಾಗುತ್ತದಲ್ಲ. ಆ ಕಪ್ಪು ಪೆನ್ನನ್ನು ಅವನಿಗೆ ಕೊಟ್ಟು ಕಳಿಸಿದೆ, ಜೇಬಿನಲ್ಲಿ ಕಾರುತ್ತದೆ, ಹುಷಾರು ಎಂದೆ. ಅಷ್ಟೇ ನಾನು ಹೇಳಿದ್ದು.

ನೀನು ಕೇಳುತ್ತೀಯ ಎಂದು ಗೊತ್ತು, ಅದಕ್ಕೆ ಮೊದಲೇ ಹೇಳುತ್ತೇನೆ. ನಾನು ಬರೆದದ್ದು ಒಂದೇ. ಅಳತೆ ಸರಿಯಾಗಿ ತೆಗೆದಿದ್ದೆ, ಅದು ಸುಳ್ಳಲ್ಲ. ಇನ್ನು ಆರು ವರ್ಷ ದುಡಿದರೆ ಮನೆಯಲ್ಲಿ ಕೂರುವ ವಯಸ್ಸು, ಈಗ ಬಿಡಿಸಿದರೆ ಲಿಫ್ಟು ಬೀಳಿಸಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇದನ್ನೇ ದಿನವೂ ಮೆಟ್ಟಿಲು ಹತ್ತುವಾಗ ಹೇಳಿಕೊಳ್ಳುತ್ತೇನೆ. ಮೂರನೇ ಮಹಡಿಯವರೆಗೆ ಸರಿ ಅನ್ನಿಸುತ್ತದೆ.

ಇರಲಿ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನ ಆಶೀರ್ವಾದ ನನಗಿರಲಿ, ಅದಕ್ಕಿಂತ ಹೆಚ್ಚಾಗಿ ಡಬ್ಬಿಯ ಮೇಲಿರಲಿ. ನೀನು ಅವನನ್ನು ನೋಡಿಲ್ಲ, ನೋಡಿದ್ದರೆ ತಮ್ಮನ ಜಾಗಕ್ಕೆ ಅವನನ್ನೇ ಇಟ್ಟುಕೊಳ್ಳುತ್ತಿದ್ದೆ.

ಇಂತಿ ನಿನ್ನ
ತಮ್ಮ

ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶನಿವಾರ ಬೆಳಿಗ್ಗೆ.

ಅಂಚೆಗೆ ಹಾಕಲು ಎರಡು ಸಲ ಹೋಗಿ ವಾಪಸು ಬಂದೆ, ಯಾಕೆಂದರೆ ಮುಖ್ಯವಾದದ್ದನ್ನೇ ಬರೆದಿರಲಿಲ್ಲ. ಆವತ್ತು ಅಧಿಕಾರಿ ಕಾರ್ಡನ್ನು ಮುಂದಿಟ್ಟು ಇದು ಯಾವ ಅಂಕಿ ಎಂದು ಕೇಳಿದರಲ್ಲ, ನನ್ನ ಕಣ್ಣಿಗೆ ಮೊದಲು ಕಂಡದ್ದು ಏಳು. ಬರೆದವನು ನಾನು, ಅಳೆದವನು ನಾನು, ಆದರೂ ಏಳು ಎಂದೇ ಓದಿದೆ. ಮಾತು ಬಾಯಿಗೆ ಬಂದಿತ್ತು. ಕೆಮ್ಮಿ, ನೀರು ಕೇಳಿ ಕುಡಿದು, ಆಮೇಲೆ ಒಂದು ಎಂದೆ. ಡಬ್ಬಿಯ ಕಣ್ಣಿಗೆ ಏನೂ ಆಗಿಲ್ಲ ಅಕ್ಕಾ.

ಇವತ್ತು ಬೆಳಿಗ್ಗೆ, ಇಪ್ಪತ್ತೆಂಟಕ್ಕೆ ನನ್ನ ನಿಜವಾದ ಒಂದನ್ನೇ ಬರೆದು ತೋರಿಸಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಬಾಲ್ ಪೆನ್ನು ಹಿಡಿದು ಕೂತೆ. ನಲವತ್ತು ಸಲ ಬರೆದೆ. ಆತುರದಲ್ಲಿ ಬರೆದೆ, ಗೋಡೆಗೆ ಹಾಳೆ ಒತ್ತಿ ನಿಂತುಕೊಂಡು ಬರೆದೆ. ಬರುತ್ತಿಲ್ಲ. ಬೇಕೆಂದು ಜುಟ್ಟು ಇಟ್ಟರೆ ಬೇಕೆಂದು ಇಟ್ಟದ್ದು ಎಂದು ಕುರುಡನಿಗೂ ಗೊತ್ತಾಗುತ್ತದೆ. ಕಾರ್ಡುಗಳನ್ನು ಚೂರು ಮಾಡಿಬಿಟ್ಟಿದ್ದೇನೆ. ಇನ್ನು ಉಳಿದಿರುವುದು ನನ್ನ ಬಾಯಿ ಮಾತ್ರ, ಆ ಮೆಲುದನಿಯ ಮನುಷ್ಯನ ಎದುರು ಅದರ ಮೇಲೆ ನನಗೆ ನಂಬಿಕೆ ಇಲ್ಲ. ನಾನು ಹಿಂದೆ ನಿನಗೆ ಬರೆದ ಕಾಗದಗಳಲ್ಲಿ ಒಂದಾದರೂ ನಿನ್ನ ಹತ್ತಿರ ಉಳಿದಿದ್ದರೆ, ತಾರೀಖಿನಲ್ಲಿ ಜುಟ್ಟಿನ ಒಂದು ಇರುವಂಥದ್ದು ನೋಡಿ ತೆಗೆದಿಡು, ನನಗೆ ಕಳಿಸಬೇಡ. ನಾನು ಅದನ್ನೂ ಹರಿದುಬಿಡುತ್ತೇನೆ. ಡಬ್ಬಿಯ ಮನೆಯ ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ, ಅವನಿಗೇ ಕಳಿಸು.