ಹಂದಿಮೂತಿ ದಿಬ್ಬದಲ್ಲಿ ಆರು ಗಂಟೆ

ಹಂದಿಮೂತಿ ದಿಬ್ಬ, ಕೊರಿಯಾದ ಪಡುಗಡಲು
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಮಂದೆಗೆ ಚಳಿಗಾಲ ಕಳೆಯುವಷ್ಟು ಕೊಬ್ಬು ಬಂದಿದೆಯೇ? ಆ ಬೂದು ಕುದುರೆ ಹಾಲು ಕರೆಯಲು ಹೋದ ಅಮ್ಮನನ್ನು ಈಗಲೂ ಒದೆಯುತ್ತದೆಯೇ? ನಾನು ಚೆನ್ನಾಗಿದ್ದೇನೆ, ಒದ್ದೆಯಾಗಿದ್ದೇನೆ ಅಷ್ಟೆ. ಹೆದರಬೇಡಿ, ಈ ಪತ್ರ ನಿಮ್ಮ ಕೈ ಸೇರಿದೆ ಎಂದರೆ ನಾನು ದಡ ಸೇರಿದ್ದೇನೆ.

ನಮ್ಮ ಮಂಗೋಲಿಯಾದವಳೇ ಬೊಲೊರ್ ಅಂತ ನನ್ನ ಕಾಲೇಜಿನಲ್ಲಿದ್ದಾಳೆ. ಬೇಸಿಗೆಯಲ್ಲಿ ಇಲ್ಲಿಗೆ ಬಂದು ಒಂದು ರೀಲ್ ಹಾಕಿದಳು. ಸಮುದ್ರದ ನಡುವೆ ದಾರಿ, ಬಿಳಿ ಅಂಗಿ, ಹಾರುವ ಕೂದಲು. ಅಂದಿನಿಂದ ಹಾಸ್ಟೆಲಿನಲ್ಲಿ ಬೇರೆ ಮಾತೇ ಇಲ್ಲ. "ಏನೇ ಉಯಾಂಗಾ, ಇನ್ನೂ ಹಂದಿಮೂತಿಗೆ ಹೋಗಿಲ್ವಾ? ಕೊರಿಯಾಕ್ಕೆ ಬಂದು ಪಾತ್ರೆ ತೊಳೆಯೋದೇ ಆಯ್ತಾ ನಿಂದು?" ವಾರವಿಡೀ ಹೋಟೆಲಿನಲ್ಲಿ ಪಾತ್ರೆ ತೊಳೆದವಳಿಗೆ ಇದ್ದದ್ದು ಒಂದೇ ರಜೆ. ಅದರಲ್ಲಿ ಎಲ್ಲಿಗೆ ಹೋಗಬೇಕೆಂದು ನಾನು ಆರಿಸಲಿಲ್ಲ ಅಪ್ಪಾ, ಫೋನೇ ಆರಿಸಿತು.

ಸಮುದ್ರ ಇಳಿದಾಗ ದಡದಿಂದ ಈ ದಿಬ್ಬಕ್ಕೆ ನಡೆದೇ ಬರಬಹುದು, ಏರಿದರೆ ಇದು ದ್ವೀಪ. ನೀರು ಇಳಿದ ಬಯಲು ನಮ್ಮ ಒಣಗಿದ ಉಪ್ಪುಕೆರೆಯ ಹಾಗೆಯೇ ಇತ್ತು. ಮೇಲೆ ಹೆಜ್ಜೆಗುರುತುಗಳು. ಹೆಜ್ಜೆ ಕಂಡಲ್ಲಿ ದಾರಿ ಎಂದು ನಂಬಿ ಬೆಳೆದವಳಲ್ಲವೇ, ನಡೆದುಬಿಟ್ಟೆ. ಹಸಿ ಹೆಜ್ಜೆಗಳೆಲ್ಲ ದಡದ ಕಡೆಗೆ ವಾಪಸಾದವರವು ಎಂದು ನೋಡಲೇ ಇಲ್ಲ! ನೀವಿದ್ದಿದ್ದರೆ "ಕಣ್ಣು ಎಲ್ಲಿಟ್ಟಿದ್ದೀಯೇ? ಹಿಮ್ಮಡಿ ಯಾವ ಕಡೆಗಿದೆ ನೋಡು!" ಎಂದು ಗದರುತ್ತಿದ್ದಿರಿ. ನೀರೇರುವ ಹೊತ್ತು ಬರೆದ ಫಲಕವೂ ದಡದಲ್ಲೇ ಇತ್ತು. ರೀಲುಗಳಲ್ಲಿ ಎಲ್ಲರೂ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ನಾನೂ ಹಾಗೇ ನಿಂತೆ.

ದಿಬ್ಬ ಹತ್ತಿ ತಿರುಗಿ ನೋಡಿದರೆ ದಾರಿಯೇ ಇಲ್ಲ. ಇಳಿದು ಓಡಿದೆ, ನೀರು ಮಂಡಿಗೆ ಬಂತು, ಹಿಂದಕ್ಕೆ ಬಂದೆ. ಕರಾವಳಿ ಪೊಲೀಸರಿಗೆ ಫೋನ್ ಮಾಡಿದರೆ "ನೀರು ಇಳಿಯೋವರೆಗೆ ಮೇಲ್ಗಡೆ ಶೆಡ್‌ನಲ್ಲಿ ಕೂತ್ಕೊಳಮ್ಮ, ಅಲ್ಲಿಗೆ ನೀರು ಬರಲ್ಲ. ಈ ವಾರ ನೀನು ಐದನೆಯವಳು" ಎಂದರು. ಎಲ್ಲಿ ನೋಡಿದರೂ ನೀರು. ಶೆಡ್ಡಿನ ಗೋಡೆಯ ತುಂಬ ಪೆನ್ಸಿಲಿನಲ್ಲಿ ಬರೆದ ಹೆಸರುಗಳು. ನಮ್ಮ ಭಾಷೆಯಲ್ಲೂ ಒಂದಿದೆ. "ಬೊಲೊರ್. ಆರು ಗಂಟೆ ಹೊತ್ತು ಇಲ್ಲೇ ಸಿಕ್ಕಿಬಿದ್ದಿದ್ದೆ. ಮನೇಲಿ ಯಾರಿಗೂ ಹೇಳ್ಬೇಡಿ." ಮೈಯೆಲ್ಲ ಉರಿದುಹೋಯಿತು ಅಪ್ಪಾ. ರೀಲಿನಲ್ಲಿ ಈ ಆರು ಗಂಟೆ ಎಲ್ಲಿತ್ತು?

ನಿಮ್ಮ ಬಿಡಾರಕ್ಕೆ ಫೋನ್ ಸಿಗುವುದಿಲ್ಲ, ಅದಕ್ಕೇ ತರಗತಿಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ಕಾಲು ಜೋಮು ಹಿಡಿದಿದೆ. ಅಮ್ಮನಿಗೆ ಅಪ್ಪುಗೆ, ಅಜ್ಜಿಯ ಕೆನ್ನೆಗೆ ಮುತ್ತು, ಬೂದು ಕುದುರೆಗೆ ದೂರದಿಂದಲೇ ನಮಸ್ಕಾರ.

ನಿಮ್ಮ
ಉಯಾಂಗಾ

ಮರೆತಿದ್ದೆ: ಚಳಿಗಾಲದ ತರಗತಿಗೆ ತಂಗಿ ಅನುಜಿನ್ ಇಲ್ಲಿಗೆ ಬರುತ್ತಾಳಲ್ಲ, ಅಲ್ಲಿನ ಪಟ್ಟಣದಿಂದ ಈಗಷ್ಟೇ ನನ್ನ ಫೋನಿಗೆ ಬರೆದಿದ್ದಾಳೆ. "ಅಕ್ಕಾ, ಬಂದ ದಿನಾನೇ ನಂಗೂ ಅಲ್ಲಿಗೆ ಹೋಗ್ಬೇಕು!" ನಾನು ನಗುತ್ತಿರುವ ಚಿತ್ರ ನೋಡಿದಳಂತೆ. ಅದು ದಾರಿ ಮುಳುಗಿದ ಮೇಲೆ ತೆಗೆದದ್ದು ಅಪ್ಪಾ. ಕಣ್ಣೊರೆಸಿಕೊಂಡು, ಐದು ಸಲ ತೆಗೆದು, ಚೆನ್ನಾಗಿ ಬಂದದ್ದನ್ನು ಹಾಕಿದೆ. ಆಗಲೇ ಆರುನೂರು ಜನ ಮೆಚ್ಚಿದ್ದಾರೆ, ಅಳಿಸಲು ಕೈ ಬರುತ್ತಿಲ್ಲ. ಹೊರಡುವ ಮುನ್ನ ಅವಳು ಬಿಡಾರಕ್ಕೆ ಬಂದಾಗ ಈ ಪತ್ರವನ್ನು ಅವಳಿಗೆ ನೀವೇ ಓದಿ ಹೇಳಿ. ನಾನು ಹೇಳಿದರೆ ನಂಬುವುದಿಲ್ಲ, ನಾನು ನಗುತ್ತಿರುವುದನ್ನು ನೋಡಿಬಿಟ್ಟಿದ್ದಾಳೆ.