ನೆಲದಡಿಯ ಬಡಿತ

ಬ್ರಿನ್‌ಗ್ಲಾಸ್ ಬೀದಿ, ರೋಂಡಾ ಕಣಿವೆ
ಭಾನುವಾರ, ಜನವರಿ ೧೬, ೧೯೯೪

ಪ್ರೀತಿಯ ಎಲ್ವಿನ್,

ಜಗಳ ಮುಂದುವರಿಸಲು ಬರೆಯುತ್ತಿಲ್ಲ, ಹೆದರಬೇಡ. ಈ ವಾರ ವೃದ್ಧಾಶ್ರಮದವರು ನಿನಗೆ ಫೋನ್ ಮಾಡುತ್ತಾರೆ. ನಿನ್ನಪ್ಪನಿಗೆಂದು ಅಲ್ಲಿ ಕಾದಿರಿಸಿರುವ ಹಾಸಿಗೆ ಬೇಕೋ ಬೇಡವೋ ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲು ಇದನ್ನು ಓದು.

ನೀನು ಮನೆ ಬಿಟ್ಟು ಕಾರ್ಡಿಫ್‌ಗೆ ಹೋಗುವ ಮುಂಚಿನಿಂದಲೂ ಮಾವ ಹೇಳುತ್ತಿದ್ದರಲ್ಲ, "ಕೆಳಗೆ ಯಾರೋ ಬಡೀತಿದಾರೆ" ಎಂದು? "ಮುದುಕಂಗೆ ತಲೆ ಕೆಟ್ಟಿದೆ" ಎಂದಿದ್ದೆ ನೀನು. ಹೋದ ವಾರ ಬೆಳಗಿನ ಜಾವ ಅವರು ಚಪ್ಪಲಿಯಲ್ಲೇ ಮಂಜುಗಟ್ಟಿದ ಬೀದಿಗೆ ಇಳಿದು, ಎದುರುಮನೆ ಬೆಟಿಯ ಬಾಗಿಲು ಬಡಿದಿದ್ದಾರೆ. "ಎದ್ದೇಳ್ರೋ, ಗಣೀಲಿ ಇನ್ನೂ ಜೀವ ಇದೆ, ಪೈಪು ಬಡೀತಿದಾರೆ!"

ಬೆಟಿ ತನ್ನ ಕೋಟು ಹೊದಿಸಿ ಕರೆತಂದಳು. ನಾನು ಸುಳ್ಳು ಹೇಳಿದೆ. "ಕಾಪಾಡೋರು ಇಳಿದಿದಾರೆ ಮಾವ, ನೀವು ಮಲಗಿ" ಎಂದು ಅವರ ಮಂಚದ ಅಂಚಿನಲ್ಲಿ ಕೂತೆ. ಕೆಳಗೆ ಮನೆ ಬೆಚ್ಚಗಿಡುವ ಬಾಯ್ಲರ್ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಗೋಡೆಯ ಬಿಸಿನೀರಿನ ರೇಡಿಯೇಟರ್ ಕಡೆಯಿಂದ ಟಕ್. ಮತ್ತೆ ಟಕ್ ಟಕ್.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಕೇಳಿಸ್ತಾ?"

"ಕೇಳಿಸ್ತು ಮಾವ."

ಎಲ್ವಿನ್, ಅಷ್ಟಕ್ಕೇ ಅತ್ತುಬಿಟ್ಟರು.

"ಗಾಳಿ ತುಂಬಿರ್ಬೇಕು ಕಣೆ, ಹೊರಗೆ ಬಿಡು" ಎಂದಳು ಬೆಟಿ. ರೇಡಿಯೇಟರ್ ತುದಿಯ ತಿರುಪನ್ನು ಸಡಿಲಿಸಿದೆ. ಬುಸ್ಸೆಂದು ಗಾಳಿ ಹೋಯಿತು, ಹಿಂದೆಯೇ ಕಪ್ಪು ನೀರು ನನ್ನ ಮೈಮೇಲೆ. ರೇಡಿಯೇಟರ್ ಮೇಲಿನವರೆಗೂ ಬಿಸಿಯಾಯಿತು, ಬಡಿತ ಮಾತ್ರ ಹೋಗಲಿಲ್ಲ. ರಿಪೇರಿಯವರು ಈ ಚಳಿಯಲ್ಲಿ ಯಾರ ಕೈಗೂ ಸಿಗುತ್ತಿಲ್ಲ. ಬಾಯ್ಲರ್ ಆರಿಸಿದರೆ ಮಾವನ ತುಟಿ ನೀಲಿಗಟ್ಟುತ್ತದೆ, ಎದೆ ಕಟ್ಟಿ ಕೆಮ್ಮುತ್ತಾರೆ. ಹಚ್ಚಿದರೆ ಬಡಿತ. ಅವರು ಕೋಲಿನಿಂದ ಪೈಪಿಗೆ ತಿರುಗಿ ಬಡಿದು ಉತ್ತರ ಕೊಡುತ್ತಿದ್ದರು. ಹಚ್ಚುವುದು, ಆರಿಸುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಇದೇ ನನ್ನ ವಾರ.

ಇವತ್ತು ತಿಂಡಿಯ ಹೊತ್ತಿಗೆ ಹಿತ್ತಲಿನಿಂದ ಹಾರೆ ತಂದು ನಿಂತಿದ್ದರು. "ನಡಿ ಮಗಳೇ, ಅಗೆಯೋಣ."

ಮಂಚ ಸರಿಸಿ, ಕಾರ್ಪೆಟ್ ಸುತ್ತಿ, ನೆಲದ ಹಲಗೆ ಎಬ್ಬಿಸಿದೆವು. ಲೋಟ ಹಿಡಿದರೆ ನಡುಗುವ ಆ ಕೈ ಹಾರೆ ಹಿಡಿದಾಗ ನಡುಗಲಿಲ್ಲ. ತೊಲೆಯಲ್ಲಿ ಕೊರೆದ ಕಚ್ಚಿನಲ್ಲಿ ಪೈಪು ಉಸಿರಾಡಲೂ ಜಾಗವಿಲ್ಲದಂತೆ ಸಿಕ್ಕಿಕೊಂಡಿತ್ತು. ನಾನು ಕೆಳಗಿಳಿದು ಬಾಯ್ಲರ್ ಹಚ್ಚಿ ಬಂದೆ. ಮಾವ ಮಂಡಿಯೂರಿ, ಪೈಪಿನ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದರು. ಅದು ಬಿಸಿಯಾಗಿ ಹಿಗ್ಗಿತು, ಮರಕ್ಕೆ ತಡೆದು ನಿಂತಿತು, ಆಮೇಲೆ ಟಕ್ಕೆಂದು ಜಾರಿ ಅವರ ಬೆರಳುಗಳನ್ನು ಎತ್ತಿಹಾಕಿತು.

"ಬರೀ ಪೈಪು" ಎಂದರು. ನನಗೆ ಖುಷಿಯಾಯಿತು. ಅವರ ಮುಖ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

"ಹಾಗಾದ್ರೆ ಅಲ್ಲಿ ಯಾರೂ ಇಲ್ಲ."

ಇನ್ನೊಂದು ಸುಳ್ಳು ನನ್ನ ಬಳಿ ಇರಲಿಲ್ಲ. "ಇಲ್ಲ ಮಾವ" ಎಂದೆ.

ಆಗ ಹೇಳಿದರು. ತಾವು ದುಡಿಯುತ್ತಿದ್ದ ಕಲ್ಲಿದ್ದಲು ಗಣಿಯ ಚಾವಣಿ ಕುಸಿದಾಗ ಇವರು ಈಚೆ ಬದಿಯಲ್ಲಿದ್ದರಂತೆ. ಆಚೆ ಸಿಕ್ಕಿಬಿದ್ದವರು ಗಾಳಿಯ ಕೊಳವೆ ಬಡಿಯುತ್ತಲೇ ಇದ್ದರಂತೆ. "ಬಡಿತ ನಿಲ್ಲೋವರ್ಗೂ ಅಗೆದೆ ಮಗಳೇ. ನಿಂತ ಮೇಲೂ ಅಗೆದೆ." ಸತ್ತವರ ಹೆಸರು ಒಂದೊಂದಾಗಿ ಹೇಳಿದರು. ಧೂಳಿನಲ್ಲಿ ಅವರ ಪಕ್ಕ ಕೂತು ಕೇಳಿದೆ.

ಕೊನೆಗೆ ಅವರೇ ಗದರಿದರು: "ಏನ್ ಕೂತ್ಬಿಟ್ಟೆ? ದಪ್ಪ ಬಟ್ಟೆ ಏನಾದ್ರೂ ತಾ." ಸಿಕ್ಕಿದ್ದು ನೀನು ಬಿಟ್ಟುಹೋದ ಉಣ್ಣೆಯ ಟೋಪಿ. "ಕತ್ತರಿಸು. ಇದ್ನ ಹಾಕ್ಕೊಂಡ್ರೆ ಪಾದ್ರಿ ಥರ ಕಾಣ್ತಿದ್ದ" ಎಂದು ಮೊದಲ ಸಲ ನಕ್ಕರು. ಚಾಕುವಿನಿಂದ ಕಚ್ಚನ್ನು ಅಗಲ ಮಾಡಿ, ಪೈಪಿನಡಿ ಟೋಪಿಯ ತುಂಡು ಹಾಸಿ, ಹಲಗೆ ಮುಚ್ಚಿದರು.

ಈಗ ಬಾಯ್ಲರ್ ಉರಿಯುತ್ತಿದೆ. ಸದ್ದಿಲ್ಲ. ಮಾವ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದಾರೆ. ನನಗೆ ಮಾತ್ರ ಒಂದು ಕಡೆ ಕೂರಲಾಗುತ್ತಿಲ್ಲ. ಈ ಕಾಗದದ ಮಧ್ಯೆಯೇ ಮತ್ತೆ ಮತ್ತೆ ಎದ್ದುಹೋಗಿ ಅವರ ಉಸಿರು ನೋಡಿ ಬಂದೆ.

ಅವರ ತಲೆ ಕೆಟ್ಟಿಲ್ಲ, ಎಲ್ವಿನ್. ಕಿವಿಗೆ ಬಿದ್ದದ್ದು ನಿಜವೇ ಆಗಿತ್ತು. ಹಾಸಿಗೆ ಬೇಡವೆಂದು ಹೇಳಿಬಿಡು. ನೀನು ಹೇಳದಿದ್ದರೂ ನಾನು ಅವರನ್ನು ಕಳಿಸುವುದಿಲ್ಲ.

ಇನ್ನೂ ನಿನ್ನವಳೇ ಆದ,
ಮೆನ್ನಾ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದು: ಸತ್ತವರ ಪೈಕಿ ಅವರು ಕೊನೆಗೆ ಹೇಳಿದ ಹೆಸರು ಎಲ್ವಿನ್. ಪಕ್ಕದಲ್ಲೇ ನಿಂತು ದುಡಿಯುತ್ತಿದ್ದ ಗೆಳೆಯನಂತೆ. ನೀನು ಹುಟ್ಟಿದ್ದು ಅದೇ ಚಳಿಗಾಲ. "ಹೆಸರಿಟ್ಟೆ, ಆಮೇಲೆ ಕರೆಯೋಕೆ ನಾಲಿಗೆ ಏಳ್ಲಿಲ್ಲ" ಎಂದರು. ನಿನ್ನನ್ನು ಜೀವಮಾನವೆಲ್ಲ 'ಏ ಹುಡುಗ' ಎಂದದ್ದು ಅದಕ್ಕೆ. ಇವತ್ತು ಆ ಹೆಸರು ಎರಡು ಸಲ ಹೇಳಿದರು. ಎರಡನೆಯ ಸಲ ಹೇಳಿದ್ದು, ನೀನೆಲ್ಲಿ ಎಂದು ಕೇಳಲು.